ತಿಲಿಸ್ಮಿನೊಳಗೆ ಜೋಳದ ರೊಟ್ಟಿ

ಸೌತ್ ಲೇಕ್ ಯೂನಿಯನ್‌ನಲ್ಲಿ ಸಂಜೆ ಟ್ರಾಮ್ ಹತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಚೀಲದಿಂದ ಪುಟ್ಟ ಡಬ್ಬಿ ತೆಗೆದು ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡರು. ಬೋಗಿಯ ತುಂಬ ಪುದೀನ, ಕರ್ಪೂರಗಳ ಖಾರ ವಾಸನೆ ಹರಡಿತು. ಎದುರಿಗೆ ನಿಂತಿದ್ದ ಯುವಕ ಮುಖ ಸಿಂಡರಿಸಿ ಆಚೆ ಸರಿದ. ನಾನು ಮಾತ್ರ ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡೆ. ಆ ವಾಸನೆಗೆ ನಮ್ಮ ಬಳಗದಲ್ಲಿ ಬೇರೆ ಹೆಸರಿದೆ: ಲಖಲಖಾ.

ಹಿಂದಿ ಓದಿದವರಲ್ಲಿ ಕೆಲವರಿಗೆ ಈ ಪದ ಗೊತ್ತಿರಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಒಂದು ಹಿಂದಿ ಕಾದಂಬರಿಯಲ್ಲಿ ಮೂರ್ಛೆ ಹೋದವರನ್ನು ಎಬ್ಬಿಸಲು ಮೂಸಿಸುವ ಔಷಧ ಅದು. ರಾಜಕುಮಾರ, ರಾಜಕುಮಾರಿ, ಅವರ ನಡುವೆ ದುಷ್ಟ ಮಂತ್ರಿ; ಇಷ್ಟೇ ಆಗಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಆದರೆ ಅದರಲ್ಲಿ ಐಯಾರರಿದ್ದಾರೆ: ವೇಷ ಬದಲಿಸುವುದರಲ್ಲಿ ನಿಪುಣರಾದ ಗೂಢಚಾರರು, ಹೆಗಲಿನ ಚೀಲದಲ್ಲಿ ಮೂರ್ಛೆ ತರಿಸುವ ಪುಡಿಯನ್ನೂ ಎಬ್ಬಿಸುವ ಲಖಲಖಾವನ್ನೂ ಇಟ್ಟುಕೊಂಡವರು. ಅದರಲ್ಲಿ ತಿಲಿಸ್ಮ್ ಇದೆ: ಒಳಗೆ ಹೋದವರು ಹೊರಗೆ ಬರಲಾಗದ, ಗುಟ್ಟು ಬಲ್ಲವರು ಮಾತ್ರ ಮುರಿಯಬಲ್ಲ ಮಾಯೆಯ ಕೋಟೆ. ಇದನ್ನು ಓದುವುದಕ್ಕಾಗಿಯೇ ಲಕ್ಷಗಟ್ಟಲೆ ಜನ ಹಿಂದಿ ಕಲಿತರು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಈ ದೂರದೇಶಕ್ಕೆ ಬರುವ ಮುಂಚೆ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ವರದಿ ತಿದ್ದುವ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವಳು ನಾನು. ಅಂಥ ವಾಕ್ಯ ಕೈಗೆ ಬಂದಿದ್ದರೆ "ಎಣಿಸಿದವರು ಯಾರು?" ಎಂದು ಕೇಳಿ ಹೊಡೆದುಹಾಕುತ್ತಿದ್ದೆ. ಈಗಲೂ ಹೊಡೆದುಹಾಕುತ್ತೇನೆ. ಆ ಪುಸ್ತಕದ ಪ್ರಭಾವ ಏನೆಂದು ನಾನು ಕಣ್ಣಾರೆ ಕಂಡದ್ದು ಬೇರೆ ಕಡೆ, ಶರಣಪ್ಪನವರ ಕಾರಿನಲ್ಲಿ.

ಶರಣಪ್ಪನವರು ಬೀದರ ಕಡೆಯವರು, ವೃತ್ತಿಯಲ್ಲಿ ಎಂಜಿನಿಯರು. ಶೋರ್‌ಲೈನ್‌ನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಅವರ ಮನೆ. ಮೂರ್ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಶನಿವಾರದ ಬೆಳಗ್ಗೆ ಎಜುಕೇಶನ್ ಹಿಲ್‌ನ ಸ್ನೇಹಿತರೊಬ್ಬರ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಶರಣಪ್ಪನವರ ಮಗಳು ಚೈತ್ರಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಶಾಲೆಗೆ ತೋರಿಸಬೇಕಾದ ಸಮಾಜಸೇವೆಯ ಗಂಟೆಗಳಿಗಾಗಿ ನನ್ನ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ಬಣ್ಣದ ಪೆನ್ಸಿಲ್ ಹಂಚುವ ಕೆಲಸ ಹಿಡಿದಿದ್ದಳು. ಹೆದ್ದಾರಿಯಲ್ಲಿ ಕಾರು ಓಡಿಸಲು ನನಗೆ ಆಗಲೂ ಭಯ, ಈಗಲೂ ಭಯ. ಹೀಗಾಗಿ ಮೂವರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಕನ್ನಡ ತರಗತಿಗೆ ಹೋಗುವ ಕಾರಿನ ಹಿಂದಿನ ಸೀಟಿನಿಂದ ಇಂಗ್ಲಿಷೇ ಬರುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಚೈತ್ರಾಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಆಡುವುದು ಮಾತ್ರ ಆಗುತ್ತಿರಲಿಲ್ಲ, ಅಥವಾ ಬೇಕಾಗಿರಲಿಲ್ಲ.

ಮೊದಲನೆಯ ವಾರವೇ ಶರಣಪ್ಪನವರು ಯಾವ ಸಂಕೋಚವೂ ಇಲ್ಲದೆ ವಿಷಯ ಹೇಳಿದರು. "ಅಕ್ಕೋರ, ಬರೋ ಆಗಸ್ಟಿಗಿ ಇಕಿ ಕಾಲೇಜಿಗಿ ಹೋಗ್ತಾಳ, ಅಲ್ಲೆಲ್ಲೋ ಈಸ್ಟ್ ಕೋಸ್ಟಿಗಿ. ಅಷ್ಟರಾಗ ಒಂದು ಸಲ ನನ್ನ ಜೋಡಿ ಕನ್ನಡದಾಗ ಜಗಳ ಆಡಬೇಕು ನೋಡ್ರಿ. ಮಾತಾಡೋದು ಬ್ಯಾಡ, ಜಗಳ ಆಡಿದ್ರ ಸಾಕು."

ಹಿಂದಿನಿಂದ ಚೈತ್ರಾ "ಪಪ್ಪಾ, ಐ ಕ್ಯಾನ್ ಹಿಯರ್ ಯು" ಅಂದಳು.

"ಕೇಳ್ತದಲ್ಲ, ಅದೇ ಬೇಕಾಗಿತ್ತು" ಎಂದವರೇ ಕತೆ ಶುರು ಮಾಡಿದರು. ಷರತ್ತು ಒಂದೇ: ಕತೆಯ ಬಗ್ಗೆ ಏನು ಕೇಳುವುದಿದ್ದರೂ ಕನ್ನಡದಲ್ಲೇ ಕೇಳಬೇಕು. "ಇಂಗ್ಲಿಷಿನಾಗ ಕೇಳಿದ್ರ ಐಯಾರರಿಗಿ ತಿಳ್ಯಾಂಗಿಲ್ಲ."

ಅವರು ಹೇಳಿದ್ದು ಆ ತಿಲಿಸ್ಮಿ ಪುಸ್ತಕದ ಕತೆಯನ್ನೇ. ನಮ್ಮ ಕಾರಿನಲ್ಲಿ ಅದಕ್ಕೆ ಹೆಸರಿರಲಿಲ್ಲ, "ಆ ಪುಸ್ತಕ" ಎಂದರೆ ಸಾಕಿತ್ತು. ಐಯಾರ ಎಂದರೆ ಯಾರು ಎಂದು ನಾನು ಕೇಳಿದಾಗ, "ನಮ್ಮ ಕಡಿ ಹಗಲುವೇಷದವರು ಬರ್ತಿದ್ರಲ್ರಿ, ಅವರಿಗಿ ರಾಜಾ ಪಗಾರ ಕೊಟ್ಟು ಇಟ್ಕೊಂಡ್ರ ಹೆಂಗೋ ಹಂಗ" ಎಂದು ವಿವರಿಸಿದರು. ಡೆಸ್ಕಿನಲ್ಲಿ ಕೂತು ಇಡೀ ಬೆಳಗ್ಗೆ ಯೋಚಿಸಿದ್ದರೂ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಹೊಳೆಯುತ್ತಿರಲಿಲ್ಲ. ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಸ್ಟಿಯರಿಂಗಿನ ಪಕ್ಕದಿಂದ ಮುಲಾಮಿನ ಡಬ್ಬಿ ತೆಗೆದು, "ಇದು ಲಖಲಖಾ" ಎಂದು ಹಿಂದಿನ ಸೀಟಿನತ್ತ ಚಾಚುತ್ತಿದ್ದರು. ಅವಳು ಕಿಟಕಿ ಇಳಿಸುತ್ತಿದ್ದಳು.

ಪತ್ರಿಕೆಯವರು ಕತೆ ಹೇಳುವುದಕ್ಕೂ ಶರಣಪ್ಪನವರು ಹೇಳುವುದಕ್ಕೂ ಇರುವ ವ್ಯತ್ಯಾಸ ನೋಡಿ. ಯಾರು ಸತ್ತರು, ಯಾರು ಗೆದ್ದರು ಎಂಬುದನ್ನು ನಾವು ಮೊದಲ ಪ್ಯಾರಾದಲ್ಲೇ ಹೇಳಿ ಮುಗಿಸುತ್ತೇವೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತೇವೆ. ಅವರ ಕತೆಯನ್ನು ಎಲ್ಲಿಂದ ಕತ್ತರಿಸಿದರೂ ಜೀವ ಹೋಗುತ್ತಿತ್ತು. ಸಿಗ್ನಲ್ಲುಗಳು ಹೆಚ್ಚಿರುವ ದಾರಿಯನ್ನೇ ಹಿಡಿಯುವರು. ಎಜುಕೇಶನ್ ಹಿಲ್ ಏರುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಬಾವಿಗೆ ಜಿಗಿದಿರಬೇಕು, ಇಲ್ಲವೆ ಮುಖದ ಬಣ್ಣ ತೊಳೆದಾಗ ಬೇರೆ ಯಾರೋ ಆಗಿರಬೇಕು. ಅಲ್ಲಿಗೆ ಕತೆ ನಿಂತಿತು. ಮರಳುವಾಗ ಬರೀ ತರಕಾರಿ ಅಂಗಡಿಯ ಮಾತು.

ಚೈತ್ರಾ ಕತೆಗೆ ಸಿಕ್ಕಿಬಿದ್ದಳು. ಕನ್ನಡಕ್ಕೆ ಸಿಗಲಿಲ್ಲ. ಅವಳು ಕಂಡುಕೊಂಡ ದಾರಿ ಐಯಾರರಿಗೂ ಹೊಳೆಯುವಂಥದ್ದಲ್ಲ. ತಂದೆ ಪೆಟ್ರೋಲ್ ಹಾಕಿಸಲು ಇಳಿದಾಗ ಮುಂದೆ ಬಾಗಿ, "ಆಂಟಿ, ಕ್ಯಾನ್ ಯು ಆಸ್ಕ್ ಹಿಮ್, ಈಸ್ ದಟ್ ದ ರಿಯಲ್ ಪ್ರಿನ್ಸ್?" ಎನ್ನುವಳು. ಅವರು ಹತ್ತಿ ಕೂತ ಕೂಡಲೇ ನಾನು ಕೇಳುವೆ: "ಶರಣಪ್ಪನವರೇ, ಐಯಾರರು ಕಟ್ಟಿ ಹೊತ್ತೊಯ್ದ ಆ ಮೂಟೆಯಲ್ಲಿರೋನು ನಿಜವಾದ ರಾಜಕುಮಾರನಾ?" ವರದಿಗಾರರು ಹೇಗೆ ಕಳಿಸಿದರೂ ಶುದ್ಧ ಕನ್ನಡದಲ್ಲಿ ತಿದ್ದಿ ಮುಂದಕ್ಕೆ ದಾಟಿಸುವುದು ನನ್ನ ಕೈಗೆ ಹತ್ತಿದ ಅಭ್ಯಾಸ. ಷರತ್ತಿನ ಬೇರನ್ನೇ ನಾನು ಕಡಿಯುತ್ತಿದ್ದೇನೆ ಎಂಬುದು ಚಳಿಗಾಲ ಕಳೆಯುವವರೆಗೂ ಹೊಳೆಯಲಿಲ್ಲ. ಹೊಳೆಯುವಂತೆ ಮಾಡಿದವರೂ ಶರಣಪ್ಪನವರೇ. "ಅಕ್ಕೋರ, ನಿಮ್ಮ ಕನ್ನಡ ಭಾಳ ಛಲೋ ಆಗ್ಯಾದ ಈಗ" ಎಂದು ನಕ್ಕರು. ಅಂದಿನಿಂದ ದಲ್ಲಾಳಿ ಕೆಲಸ ಬಿಟ್ಟೆ.

ಅವರ ಕತೆಯಲ್ಲಿ ನನಗೆ ಅನುಮಾನ ಬರುವಂಥ ಒಂದು ಭಾಗವಿತ್ತು. ರಾಜಕುಮಾರಿ ತಿಲಿಸ್ಮಿನೊಳಗೆ ಸಿಕ್ಕಿಕೊಂಡಿದ್ದಾಳೆ. ಒಳಗೆ ಬಿಸಿಲಿಗೆ ಕಾದ ಒಂದು ಕಲ್ಲು. ಮೂಲೆಯಲ್ಲಿ ಜೋಳದ ಹಿಟ್ಟು. ಅವಳು ಅದೇ ಕಲ್ಲಿನ ಮೇಲೆ ರೊಟ್ಟಿ ಸುಟ್ಟುಕೊಂಡು ತಿನ್ನುತ್ತಾಳೆ. ರೊಟ್ಟಿ ತಟ್ಟುವ ಸಪ್ಪಳ ಗೋಡೆಗೆ ತಾಗಿ ಮರಳುತ್ತದೆ. ಒಂದು ಕಡೆ ಮಾತ್ರ ಮರಳುವುದಿಲ್ಲ. ಅಲ್ಲಿ ಗೋಡೆ ಪೊಳ್ಳು ಎಂದು ತಿಳಿದು, ತಟ್ಟಿ ತಟ್ಟಿ, ಕಡೆಗೆ ಬಾಗಿಲು ಕಂಡುಹಿಡಿದು ತಾನೇ ತೆರೆಯುತ್ತಾಳೆ. ರಾಜಕುಮಾರ ಸೈನ್ಯ ಕಟ್ಟಿಕೊಂಡು ಬರುವಷ್ಟರಲ್ಲಿ ಅವಳು ಹೊರಗೆ ಬಂದು ಕೂತಿರುತ್ತಾಳೆ. "ತಡಾ ಆಯ್ತಲ್ಲ, ಊಟಾ ಮಾಡಿಯೇನು?" ಎಂದು ಕೇಳುತ್ತಾಳೆ.

ಏಪ್ರಿಲ್‌ನ ಒಂದು ಶನಿವಾರ ಚೈತ್ರಾ ಕಾರು ಹತ್ತಿದಾಗ ಅವಳ ಕೈಯಲ್ಲಿ ಫೋನು ತೆರೆದೇ ಇತ್ತು. ತಂದೆ ಕತೆಗೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಸಿಡಿದಳು.

"ಪಪ್ಪಾ, ನೀ ಸುಳ್ಳ ಹೇಳ್ದಿ! ರಾಜಕುಮಾರಿ ಬಾಗಲಾ ತಗದೇ ಇಲ್ಲ. ಪ್ರಿನ್ಸ್ ಬಂದು ತಗದಾನ. ರೊಟ್ಟಿ ಇಲ್ಲ, ಕಲ್ಲೂ ಇಲ್ಲ, ಏನೂ ಇಲ್ಲ! ಇಷ್ಟ ದಿನಾ ನಂಗ ಏನ್ ಹೇಳಲತ್ತಿದ್ದಿ ನೀ?"

ನಾನು ಕಲಿಸಿದ ಕನ್ನಡ ಅದಾಗಿರಲಿಲ್ಲ. ಅದು ಬೀದರದ್ದು, ಅವರ ಅಡುಗೆಮನೆಯದು. ಯಾವ ಭಾಷೆಯಲ್ಲಿ ಬೈಯುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಾದಂತೆ ಕಾಣಲಿಲ್ಲ. ಶರಣಪ್ಪನವರಿಗೂ ಅದು ಕೇಳಿಸಲಿಲ್ಲ. ಅವರಿಗೆ ಕೇಳಿಸಿದ್ದು ಸುಳ್ಳು ಎಂಬ ಮಾತೊಂದೇ.

"ಯಾರ ಹೇಳ್ಯಾರ ನಿಂಗ?"

"ಇಲ್ಲಿ ಬರದದ. ಫುಲ್ ಸಮ್ಮರಿ ಅದ."

"ಸಮ್ಮರಿ ಓದಿ ನಂಗ ಹೇಳ್ತಿಯೇನು? ಪುಸ್ತಕಾ ಓದಿಯೇನು ನೀ?"

"ನೀ ಓದಿಯೇನು?"

ಸಿಗ್ನಲ್ ಹಸಿರಾಗಿತ್ತು. ಹಿಂದಿನ ಕಾರು ಹಾರ್ನ್ ಮಾಡಿತು. ಈ ಊರಿನಲ್ಲಿ ಅದು ಅಪರೂಪ. ಶರಣಪ್ಪನವರು ಕಾರು ಮುಂದಕ್ಕೆ ಬಿಟ್ಟು, ಸ್ವಲ್ಪ ದೂರ ಹೋದ ಮೇಲೆ, "ಇಲ್ಲ, ನಾ ಓದಿಲ್ಲ" ಎಂದರು. "ನಮ್ಮ ಸಣ್ಣತ್ತಿ ಓದಿದ್ಳು."

ಆಮೇಲೆ ಗೊತ್ತಾದದ್ದು ಇಷ್ಟು. ಅವರ ತಂದೆಯ ತಂಗಿ ಮದುವೆಯಾದ ಸ್ವಲ್ಪ ಕಾಲಕ್ಕೇ ತವರಿಗೆ ಮರಳಿದ್ದಳು. ಊರಿನ ಹಿಂದಿ ಪರೀಕ್ಷೆಗಳಿಗೆ ಕಟ್ಟಿ, ಒಂದೊಂದೇ ಪಾಸು ಮಾಡುತ್ತ, ಎಲ್ಲಿಂದಲೋ ಆ ಪುಸ್ತಕ ತಂದು ಓದಿದ್ದಳು. ಬೆಳಗ್ಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಅಣ್ಣನ ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಹಿಂದಿ, ಉರ್ದು ಎರಡನ್ನೂ ಓದಬಲ್ಲ ಶರಣಪ್ಪನವರು ಆ ಪುಸ್ತಕವನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಗೊತ್ತಿರುವ ಕತೆಯನ್ನೇ ಮತ್ತೆ ಯಾಕೆ ಓದಬೇಕು ಎಂದುಕೊಂಡಿದ್ದರು.

ಚೈತ್ರಾ ನನ್ನ ಕಡೆ ತಿರುಗಿದಳು. "ಆಂಟಿ, ನೀವು ಹೇಳ್ರಿ. ನೀವು ಪೇಪರ್‌ನಾಗ ಇದ್ದವರು."

"ಓದದೆ ಹೇಳಲ್ಲ. ಓದಿ ಹೇಳ್ತೀನಿ" ಎಂದೆ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಸಿಕ್ಕಿತು. ನನ್ನ ಶಾಲೆಯ ಹಿಂದಿಯನ್ನು ತಳ್ಳಿಕೊಂಡು ಕೊನೆಯ ಪುಟದವರೆಗೂ ಹೋದೆ. ಆ ಪುಸ್ತಕವನ್ನು ಹಗುರ ಎಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ, ಅವರ ಮಾತು ತಪ್ಪು. ಅಧ್ಯಾಯ ಪುಟ್ಟದು, ಭಾಷೆ ಬೀದಿಯಲ್ಲಿ ಆಡುವಷ್ಟು ಸಲೀಸು, ಪ್ರತಿ ತಿರುವಿನಲ್ಲೂ ಒಂದು ಬಾಗಿಲು ಮುಚ್ಚಿದೆ. ಭಾರತದ ಪತ್ತೇದಾರಿ ಕತೆಗಳೂ ಸೀರಿಯಲ್ಲುಗಳೂ ಮುಂದೆ ಹಿಡಿದದ್ದು ಇದೇ ಜಾಡು. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಲೇಖಕರಿಗೆ "ಕೊನೆಯ ಸಾಲಿನಲ್ಲಿ ಏನಾದರೂ ಆಗಲಿ" ಎಂದು ಸಂಪಾದಕರು ಹೇಳುತ್ತಿದ್ದುದು ಈ ಪಾಠವನ್ನೇ, ಎಲ್ಲಿಂದ ಬಂತೆಂದು ತಿಳಿಯದೆ. ಆದರೆ ರೊಟ್ಟಿ ಇರಲಿಲ್ಲ. ತಿಲಿಸ್ಮ್ ಮುರಿಯುವವನು ರಾಜಕುಮಾರನೇ.

ಇದ್ದದ್ದನ್ನು ಇದ್ದಂತೆ ಕಾರಿನಲ್ಲಿ ಹೇಳಿದೆ. ಚೈತ್ರಾ ಗೆದ್ದ ಮುಖ ಮಾಡಲಿಲ್ಲ. ಶರಣಪ್ಪನವರು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತ, "ಅಂದ್ರ ನಮ್ಮತ್ತಿ ನಮಗ ಸುಳ್ಳ ಹೇಳಿದ್ಳೇನ್ರಿ ಅಕ್ಕೋರ?" ಎಂದು ಕೇಳಿದರು. ನಾನು ಹೋಲಿಸಿ ನೋಡಿದ್ದು ಎರಡು ಕತೆಗಳನ್ನು. ಅವರು ಕೇಳಿದ್ದು ಅತ್ತೆಯ ಬಗ್ಗೆ.

ಅಲ್ಲಿಂದ ಕತೆ ನಿಂತಿತು. ಕಾರಿನಲ್ಲಿ ರೇಡಿಯೊ ಹಚ್ಚಿದರು. ಚೈತ್ರಾ ಮತ್ತೆ ಇಂಗ್ಲಿಷಿಗೆ ಮರಳಿದಳು. ಅದೂ "ಓಕೆ", "ಫೈನ್" ಇಷ್ಟರಲ್ಲೇ ಮುಗಿಯುತ್ತಿತ್ತು. ಮೇ ಕಳೆಯಿತು, ಅವಳ ಹೈಸ್ಕೂಲಿನ ಗ್ರ್ಯಾಜುಯೇಶನ್ ಆಯಿತು. ಒಂದು ಸಲವಾದರೂ ಜಗಳ ಆಡಲಿ ಎಂದು ಬಯಸಿದ್ದ ಮನುಷ್ಯನಿಗೆ ಆ ಜಗಳ ಸಿಕ್ಕಿತ್ತು. ಅದರ ನಂತರ ಏನು ಉಳಿಯಬೇಕೆಂದು ಅವರು ಯೋಚಿಸಿರಲಿಲ್ಲ.

ಬೇಸಿಗೆ ರಜೆಗೆ ಮುಂಚಿನ ಕೊನೆಯ ತರಗತಿಯ ದಿನ ಕಾರು ನಮ್ಮ ಬೀದಿ ದಾಟುವ ಮೊದಲೇ ಚೈತ್ರಾ ಮುಂದೆ ಬಾಗಿ ರೇಡಿಯೊ ಆರಿಸಿದಳು.

"ಪಪ್ಪಾ, ಮುಂದ ಹೇಳು."

"ನಂಗೇನ್ ಗೊತ್ತವ್ವ. ಪುಸ್ತಕಾ ಓದಿದವರು ಅಕ್ಕೋರು. ಅವರಿಗಿ ಕೇಳು."

"ಪುಸ್ತಕದ್ದು ಬ್ಯಾಡ. ಅತ್ತಿದು ಹೇಳು. ಆಕಿ ಹೊರಗ ಬಂದ ಮ್ಯಾಲ ಏನ್ ಮಾಡಿದ್ಳು?"

ರಸ್ತೆ ನೇರವಾಗಿತ್ತು, ಆದರೂ ಶರಣಪ್ಪನವರು ಎರಡೂ ಕೈಗಳಿಂದ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಆಮೇಲೆ "ಕೇಳು ಹಂಗಾದ್ರ" ಎಂದರು. ಆ ದಿನ ಎಜುಕೇಶನ್ ಹಿಲ್ ಏರಿದರೂ ನಿಲ್ಲಿಸಲಿಲ್ಲ. ಬೇಸ್‌ಮೆಂಟಿನ ಮುಂದೆ ಕಾರು ನಿಂತ ಮೇಲೂ ಹೇಳುತ್ತಲೇ ಇದ್ದರು. ನನ್ನ ತರಗತಿ ತಡವಾಗಿ ಶುರುವಾಯಿತು.

ಚೈತ್ರಾ ಆಗಸ್ಟಿನಲ್ಲಿ ಹೋದಳು. ಹೋದ ಮೇಲೆ ಫೋನಿನಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷು ನಡೆಯುತ್ತಿತ್ತು ಎಂದು ಶರಣಪ್ಪನವರು ಹೇಳುತ್ತಿದ್ದರು. ಅದು ಸೋಲೂ ಅಲ್ಲ, ಗೆಲುವೂ ಅಲ್ಲ. ಟ್ರಾಮಿನಲ್ಲಿ ಮುಲಾಮಿನ ವಾಸನೆ ಮೂಗಿಗೆ ಬಡಿದ ಆ ಸಂಜೆಗೆ ಕೆಲವೇ ವಾರಗಳ ಮುಂಚೆ ಅವಳು ನನಗೇ ಫೋನ್ ಮಾಡಿದಳು. ಕಾಲೇಜಿನ ಕೊನೆಯ ವರ್ಷಕ್ಕೆ ಅದೇ ಪುಸ್ತಕದ ಪ್ರಭಾವದ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ಅತ್ತೆಯ ಕತೆಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾಳೆ. ಪ್ರೊಫೆಸರು ಅಂಚಿನಲ್ಲಿ "ಮೂಲ ಎಲ್ಲಿ?" ಎಂದು ಬರೆದಿದ್ದಾರೆ.

"ಆಂಟಿ, ಸೋರ್ಸ್ ಏನಂತ ಹಾಕ್ಲಿ? ಪ್ರಿಂಟ್ ಆಗಿಲ್ಲಲ್ಲ."

ಮೂಲವಿಲ್ಲದ ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವಳಲ್ಲ ನಾನು. ಯೋಚಿಸಿ ಹೇಳಿದೆ: "ಮೂಲ ಇದೆಯಲ್ಲ. ಹೇಳಿದೋರ ಹೆಸರು ಹಾಕು. ತಂದೆಯಿಂದ ಕೇಳಿದ್ದು, ಅವರು ಅತ್ತೆಯಿಂದ ಕೇಳಿದ್ದು ಅಂತ ಬರಿ. ಅತ್ತೆ ಹೆಸರೇನು?"

"ಸಣ್ಣತ್ತಿ ಅಂತಾನೇ ಅಂದಾರ ಪಪ್ಪಾ. ಕೇಳ್ತೀನಿ ತಡೀರಿ."

ತಂದೆಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಸಣ್ಣತ್ತಿ ಎಂದೇ ಕರೆದವರು ಅವರು. ಬೀದರಿಗೆ ಫೋನ್ ಹಚ್ಚಿ, ಈಗ ಮುದುಕರಾದ ದಾಯಾದಿಗಳನ್ನು ಒಬ್ಬೊಬ್ಬರಾಗಿ ಕೇಳುತ್ತ ಹೋದರು. ಮಗಳು ದಿನವೂ ಫೋನ್ ಮಾಡಿ "ಸಿಕ್ತೇನು?" ಎನ್ನುವಳು. ಆ ನೆಪದಲ್ಲಿ ಅತ್ತೆಯ ಸೀರೆ, ಅತ್ತೆಯ ಸಿಟ್ಟು, ಪಾಸಾದ ದಿನ ಅವಳು ಹಂಚಿದ ಬೆಲ್ಲ ಎಲ್ಲ ಬಂದವು. ಎಲ್ಲ ಕನ್ನಡದಲ್ಲೇ, ಆ ಸಂಗತಿಗಳಿಗೆ ಅವರ ಬಳಿ ಬೇರೆ ಭಾಷೆಯೇ ಇರಲಿಲ್ಲ. ಹೆಸರು ಸಿಕ್ಕ ದಿನ ಶರಣಪ್ಪನವರು ನಮ್ಮ ಮನೆಗೆ ನಡೆದೇ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಗುರಮ್ಮ ಅಂತ್ರಿ, ಅಕ್ಕೋರ" ಎಂದರು. ಅಷ್ಟು ಹೇಳಿ ಹೊರಟರು.

ನಾನು ಈಗಲೂ ಶನಿವಾರ ಕಲಿಸುತ್ತೇನೆ. ವಾಕ್ಯ ತಿದ್ದುವುದು ಬರುತ್ತದೆ, ಕತೆ ಹೇಳುವುದು ಬರುವುದಿಲ್ಲ ಎಂದು ಇಷ್ಟು ವರ್ಷ ಅದರಿಂದ ತಪ್ಪಿಸಿಕೊಂಡಿದ್ದೆ. ಕಳೆದ ವಾರ ಮೊದಲ ಬಾರಿ ಹೇಳಿದೆ: ಕಾದ ಕಲ್ಲು, ಹಿಟ್ಟು, ಸಪ್ಪಳ ಮರಳದ ಗೋಡೆ. ಮುಂದಿನ ಸಾಲಿನ ಹುಡುಗಿ ಕೈ ಎತ್ತಿ, "ಮಿಸ್, ವಿಚ್ ಬುಕ್ ಈಸ್ ದಿಸ್?" ಎಂದಳು.

"ಬುಕ್ ಅಲ್ಲ ಪುಟ್ಟಿ. ಇದು ಗುರಮ್ಮ ಹೇಳಿದ್ದು" ಎಂದೆ.