ಫೋಟೋ ಬ್ಯಾಡಂತ ಹೇಳ್ರಿ

ದಾಕ್ಷಿಣ್ಯ ಅನ್ನುವುದು ನಮ್ಮ ಮನೆಯವರಿಗೆಲ್ಲ ಹುಟ್ಟಿನಿಂದ ಅಂಟಿದ ಕಾಯಿಲೆ. ಹೊಟ್ಟೆ ಬಿರಿಯುವಂತಿದ್ದರೂ ಎಲೆಗೆ ಬಂದ ಹೋಳಿಗೆಗೆ ‘ಬೇಡ’ ಅನ್ನಲು ಬಾಯಿ ಬರುವುದಿಲ್ಲ. ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಫೈಲು ನೂಕಿದರೂ ನನಗದು ವಾಸಿಯಾಗಲಿಲ್ಲ. ಅದರಿಂದ ತೊಂದರೆ ನನಗೊಬ್ಬಳಿಗೇ ಎಂದುಕೊಂಡಿದ್ದೆ.

ದೂರದೂರಿನಿಂದ ದೆಹಲಿಗೆ ಚಿಕಿತ್ಸೆಗೆ ಬರುವ ಬಡಮಕ್ಕಳನ್ನೂ ಅವರ ತಾಯಂದಿರನ್ನೂ ಇರಿಸಿಕೊಳ್ಳುವ ಸೇವಾಸಂಸ್ಥೆಯೊಂದರಿಂದ ಹೋದ ವರ್ಷ ಫೋನ್ ಬಂತು. ರಾಯಚೂರು ಕಡೆಯ ತಾಯಿ, ಮಗಳು ಬಂದಿದ್ದಾರೆ, ತಾಯಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಸ್ವಲ್ಪ ಬಂದು ಹೋಗುತ್ತೀರಾ ಎಂದರು. ಅಂದಿನಿಂದ ಪ್ರತಿ ಭಾನುವಾರ ದೆಹಲಿಯ ಅಂಚಿನ ಇಂದಿರಾಪುರಂನ ನಮ್ಮ ಫ್ಲಾಟಿನಿಂದ ಅಲ್ಲಿಗೆ ಹೊರಡತೊಡಗಿದೆ. ಮಗಳಿಗೆ ಒಂಬತ್ತು ವರ್ಷ, ರಕ್ತದ ಕ್ಯಾನ್ಸರ್. ಔಷಧಿಯ ಚೀಟಿ ಓದಿ ಹೇಳುವುದು, ತಾಯಿಯ ಮಾತನ್ನು ಹಿಂದಿಗೆ ತಿರುಗಿಸಿ ಅಲ್ಲಿಯವರಿಗೆ ಮುಟ್ಟಿಸುವುದು ನನ್ನ ಕೆಲಸ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ನನ್ನ ಜಂಬ ಕೇಳಬೇಕಲ್ಲ! ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಎಂಟು ಜನ ಕಂಬಳಿ, ಬಣ್ಣದ ಪೆನ್ಸಿಲು ಹೊತ್ತುಕೊಂಡು ನನ್ನ ಜೊತೆ ಹೊರಟೇಬಿಟ್ಟರು. ಅವರ ಮುಂದಾಳು ನಮ್ಮ ಕೆಳಗಿನ ಫ್ಲಾಟಿನಾಕೆ. ಒಳ್ಳೆಯವಳೇ. ಆದರೆ ಸೊಸೈಟಿಯಲ್ಲಿ ನಡೆಯಲಿದ್ದ ದೀಪಾವಳಿ ಮೇಳದ ಬ್ಯಾನರಿಗೆ ಆಕೆಗೆ ಒಂದು ಫೋಟೋ ಬೇಕಿತ್ತು. ಹುಡುಗಿಯನ್ನು ಹತ್ತಿರ ಎಳೆದುಕೊಂಡು, “ಟೋಪಿ ಉತಾರ್ ದೋ ಬೇಟಾ, ತಭೀ ತೋ ಲೋಗ್ ಸಮ್ಝೇಂಗೆ,” ಅಂದಳು. ಟೋಪಿ ತೆಗೆದರೆ ತಾನೇ ನೋಡಿದವರಿಗೆ ಕಾಯಿಲೆ ಅರ್ಥವಾಗುವುದು!

ತಾಯಿ ನನ್ನ ಕೈ ಹಿಡಿದಳು. “ಅಕ್ಕಾರ, ಫೋಟೋ ಬ್ಯಾಡಂತ ಹೇಳ್ರಿ. ಕೂದಲಾ ಬರೋತನಕ ಒಲ್ಲೆ ಅಂತಾಳ್ರಿ ಹುಡುಗಿ.”

“ಕ್ಯಾ ಬೋಲ್ ರಹೀ ಹೈಂ?” ತಾಯಿ ಏನನ್ನುತ್ತಿದ್ದಾಳೆಂದು ಕೆಳಗಿನ ಫ್ಲಾಟಿನಾಕೆ ಕೇಳಿದಳು.

ಎಂಟು ಜನ ನನ್ನ ಮುಖ ನೋಡುತ್ತಿದ್ದರು. ನಾನೇ ಕರೆತಂದವರು, ದಿನಾ ಲಿಫ್ಟಿನಲ್ಲಿ ಸಿಗುವವರು. “ಖುಷ್ ಹೈಂ. ಲೇ ಲೀಜಿಯೇ,” ಅಂದುಬಿಟ್ಟೆ, ಅವರಿಗೆ ಖುಷಿಯೇ, ತೆಗೆದುಕೊಳ್ಳಿ ಎಂದು. ತಾಯಿಯ ಕಡೆ ತಿರುಗಿ, “ಇಲ್ಲಿ ಫೋಟೋ ಬೇಕೇ ಬೇಕಂತಮ್ಮ, ನಿಯಮವಂತೆ,” ಅಂದೆ. ಅಂಥ ನಿಯಮ ಯಾವುದೂ ಇರಲಿಲ್ಲ. ಪಾಪ, ತಾಯಿ ತನ್ನ ಕೈಯಾರೆ ಮಗಳ ಟೋಪಿ ತೆಗೆದಳು.

ಬ್ಯಾನರು ನಮ್ಮ ಸೊಸೈಟಿಯ ಗೇಟಿಗೇ ಏರಿತು. ಆಳೆತ್ತರದ ಆ ಬೋಳುತಲೆ, ಅತ್ತು ಊದಿದ ಕಣ್ಣು. ಕಚೇರಿಗೆ ಹೋಗುವಾಗಲೂ ಬರುವಾಗಲೂ ಅದರ ಕೆಳಗೇ ಹಾಯಬೇಕು. ಸಿಕ್ಕವರೆಲ್ಲ “ಎಂಥ ಪುಣ್ಯದ ಕೆಲಸ” ಎಂದು ನನ್ನ ಬೆನ್ನು ತಟ್ಟುವವರೇ. ತೆಗೆಸಿ ಅನ್ನಬೇಕಾದರೆ ಯಾಕೆ ಎಂದು ಹೇಳಬೇಕಲ್ಲ? ನಾಚಿಕೆಯಿಂದ ಕುಗ್ಗಿಹೋದೆ. ಹಿಂದಿನ ಗೇಟಿನಿಂದ ಓಡಾಡತೊಡಗಿದೆ.

ಮೇಳ ಮುಗಿದ ಮೇಲಿನ ಭಾನುವಾರ, ತಾಯಿಗೆ ಎಲ್ಲವನ್ನೂ ಒಪ್ಪಿಸಿಬಿಡುವುದು, ಬೈದರೆ ಬೈಸಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡೇ ಹೋದೆ. ಆಕೆ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದಳು. ಹುಡುಗಿ ಮಂಚದ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

“ಆಂಟಿ,” ಅಂದಳು, ತಲೆ ಎತ್ತದೆ. “ನಂಗ ಹಿಂದಿ ತಿಳೀತೈತ್ರಿ. ಅವತ್ತೂ ತಿಳೀತಿತ್ರಿ.”

ಆರು ತಿಂಗಳಿಂದ ಬಿಹಾರದ ಮಕ್ಕಳ ಜೊತೆ ಹಗಲೆಲ್ಲ ಆಡುವ ಹುಡುಗಿ! ಅವಳಿಗೆ ಹಿಂದಿ ಬಂದಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಪುಟ್ಟಾ?”

“ನೀವ ಹೂಂ ಅಂದಮ್ಯಾಲ ನಾ ಏನ್ ಹೇಳ್ಲಿ?”

“ತಪ್ಪಾಯ್ತು ಕಣೇ. ನಿಮ್ಮಮ್ಮನಿಗೆ ಈಗಲೇ ಎಲ್ಲಾ ಹೇಳಿಬಿಡ್ತೀನಿ.”

ಆಗ ಅವಳು ತಲೆ ಎತ್ತಿದಳು. “ಹೇಳಬ್ಯಾಡ್ರಿ. ಈ ಊರಾಗ ನಮ್ಮವ್ವ ನಿಮ್ಮನ್ನ ಒಬ್ಬರನ್ನ ನಂಬ್ಯಾಳ. ಆಮ್ಯಾಲ ಆಕಿ ಯಾರ ಕೂಡ ಮಾತಾಡಬೇಕ್ರಿ?”

ಅಷ್ಟರಲ್ಲಿ ತಾಯಿ ಚಹಾ ತಂದು ನನ್ನ ಕೈಗಿಟ್ಟು, ಪಕ್ಕದಲ್ಲೇ ಕೂತಳು. ಹೇಳಲೂ ಆಗದೆ, ಎದ್ದು ಹೋಗಲೂ ಆಗದೆ ಲೋಟ ಹಿಡಿದುಕೊಂಡು ಕೂತೆ.

“ಈ ಅಕ್ಕಾರು ಇರಲಿಲ್ಲಂದ್ರ ನಮ್ಮ ಗತಿ ಏನಾಗ್ತಿತ್ತಬೇ?” ಅಂದಳು ಮಗಳಿಗೆ.

ಹುಡುಗಿ ಪೆನ್ಸಿಲು ನಿಲ್ಲಿಸಿ ನನ್ನನ್ನೇ ನೋಡಿದಳು.

“ಹೌದವ್ವ,” ಅಂದಳು.