ವಕೀಲರ ಕಾರಿಗೆ ಎರಡು ತುತ್ತೂರಿ

ನಮ್ಮ ಕಾರಿನ ಹಾರ್ನು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದನ್ನು ಕೇಳಿ ನಕ್ಕ ಕೊಪ್ಪಳದ ಮಂದಿಯಲ್ಲಿ ಅರ್ಧ ಜನ ಈಗಿಲ್ಲ, ಆ ಕಾರೂ ಇಲ್ಲ. ಸಿಟ್ಟು ಮಾತ್ರ ಹಾಗೇ ಇದೆ. ಊರಿನ ಮೇಲೆ ಸ್ವಲ್ಪ, ನಮ್ಮ ಯಜಮಾನರ ಮೇಲೆ ಬಹಳ.

ಅವರು ವಕೀಲರು. ಮನೆ ಕೊಪ್ಪಳದಲ್ಲಿ, ಕೆಲಸ ಮಾತ್ರ ಇವತ್ತು ಗಂಗಾವತಿ, ನಾಳೆ ಕುಷ್ಟಗಿ, ನಾಡಿದ್ದು ಯಲಬುರ್ಗಾ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತಿದು, ಪೆಟ್ರೋಲಿಗೆ ಇನ್ನೂ ಕೂಪನ್ನು ಬಂದಿರಲಿಲ್ಲ. ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯಿಂದ ಅವರು ಹಳೆಯದೊಂದು ಪುಟ್ಟ ಕಾರು ಕೊಂಡಿದ್ದರು. ಮುಂದೆ ಇಬ್ಬರು ಕೂತರೆ ಮೊಣಕೈಗೆ ಮೊಣಕೈ ತಾಗುವಷ್ಟು ಸಣ್ಣದು.

ಕೋರ್ಟಿನಲ್ಲಿ ಗಂಟೆಗಟ್ಟಲೆ ಮಾತಾಡುವ ಈ ಮನುಷ್ಯ ಮನೆಯಲ್ಲಿ ನನ್ನ ಮಾತಿಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ. ಬರಬರುತ್ತ ಹಾಗಾದರು. ಅಡುಗೆಮನೆಯಿಂದ ಕೂಗಿದರೆ ನನಗೆ ಬೆನ್ನು ಮಾಡಿ ಕೂತು ಕಾಗದ ತಿರುವುತ್ತಿದ್ದರು. ಹತ್ತಿರ ಹೋಗಿ ಹೇಳಿದರೆ "ಹೂಂ". "ಜ್ವಾಳ ಮುಗದಾವ್ರಿ" ಅಂದರೂ ಹೂಂ, "ನನಗ ಜ್ವರ ಬಂದಾವ್ರಿ" ಅಂದರೂ ಹೂಂ. ಕಕ್ಷಿದಾರರು ಬಂದರೆ ಮಾತ್ರ ಎದುರಿಗೆ ಕೂರಿಸಿಕೊಂಡು, ಅವರ ಬಾಯಿಯನ್ನೇ ನೋಡುತ್ತ, ಒಂದಕ್ಷರ ಬಿಡದೆ ಕೇಳುತ್ತಿದ್ದರು. ಹೀಗೆ ಆರು ವರ್ಷ ಕಳೆದ ಮೇಲೆ ನನ್ನ ಮನಸ್ಸಿನಲ್ಲಿ ಒಂದೇ ತೀರ್ಮಾನ ಕೂತುಬಿಟ್ಟಿತ್ತು. ಈ ಮನೆಯಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಹಾಗಂದುಕೊಂಡು ಅಡುಗೆ ಮಾಡಿದ್ದೇನೆ, ಹಾಗಂದುಕೊಂಡೇ ಮಲಗಿ ಎದ್ದಿದ್ದೇನೆ.

ಕಾರಿನ ಜೊತೆ ಬಂದ ಹಾರ್ನು ರಬ್ಬರಿನ ಉಂಡೆಯದು. ಕಿಡಕಿಯಿಂದ ಕೈ ಹೊರಗೆ ಹಾಕಿ ಹಿಚುಕಿದರೆ ಹಿತ್ತಾಳೆಯ ಕೊಳವೆಯಲ್ಲಿ ಪೋಂ ಅನ್ನುತ್ತಿತ್ತು. ನಮ್ಮವರು ಒಂದು ಸಲ ಹಿಚುಕಿ ಬಿಡುವವರಲ್ಲ. ಓಣಿಯ ಆ ತುದಿಯಿಂದ ನಮ್ಮ ಬಾಗಿಲ ತನಕ ಪೋಂ ಪೋಂ ಪೋಂ. ಬಾವಿಯ ಹತ್ತಿರ ನೀರು ಸೇದುವ ಹೆಂಗಸರು ನನ್ನ ಮುಖ ನೋಡಿ ನಗುತ್ತಿದ್ದರು. "ವಕೀಲರು ಬಂದ್ರು ನೋಡವ್ವಾ, ಇನ್ನ ನನ್ನ ಕೂಸು ಮಲಗಿದಂಗ ಐತಿ" ಅಂತ ಒಬ್ಬಳು. "ಕಾರು ತಗೊಂಡಾರ, ಡಂಗುರ ಹೊಡೀಬ್ಯಾಡನು?" ಅಂತ ಇನ್ನೊಬ್ಬಳು. ನಾನು ತಲೆ ತಗ್ಗಿಸಿ ಕೊಡ ಎತ್ತಿಕೊಂಡು ಬರುತ್ತಿದ್ದೆ. ಮನೆಗೆ ಬಂದು ಕೊಡವನ್ನು ಕುಕ್ಕುತ್ತಿದ್ದೆ.

ಅಷ್ಟಾದರೂ ಅವರಿಗೆ ಸಮಾಧಾನವಿಲ್ಲ. ಉಂಡೆ ಬದಲಾಯಿಸಿದರು, ಕೊಳವೆ ತೊಳೆಸಿದರು.

"ಇದರ ದನಿ ಸತ್ತೈತಿ" ಅಂದರು.

"ಹಿತ್ತಲದಾಗ ಭಾಂಡಿ ತಿಕ್ಕೋ ನನಗ ಕೇಳತೈತ್ರಿ, ಎಲ್ಲಿ ಸತ್ತೈತಿ?" ಅಂದೆ.

"ಹೂಂ" ಅಂದರು.

ಮುಂದಿನ ವಾರ ಹುಬ್ಬಳ್ಳಿಯಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಒಂದು ಉದ್ದ, ಒಂದು ಗಿಡ್ಡ, ಎರಡು ಕರಿ ತುತ್ತೂರಿಗಳು. ಬ್ಯಾಟರಿಯ ಮೇಲೆ ಕೂಗುವಂಥವು. ಅವನ್ನು ಕೂರಿಸಲು ಊರ ಪಕ್ಕದ ಭಾಗ್ಯನಗರದಿಂದ ಮಿಸ್ತ್ರಿ ಬಂದರು. ಬಿಳಿ ಗಡ್ಡದ ಹಿರಿಯ ಮುಸಲ್ಮಾನರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳ ಯಂತ್ರ ಬಿಚ್ಚಿ ಜೋಡಿಸಿಯೇ ಅವರ ಕೈ ಪಳಗಿತ್ತು. ಮೂರು ದಿನ ನಮ್ಮ ಅಂಗಳದಲ್ಲಿ ಆ ಪುಟ್ಟ ಕಾರು ಬಾಯಿ ತೆರೆದುಕೊಂಡು ನಿಂತಿತ್ತು. ಮೂರು ದಿನವೂ ಚಹಾ ಕೊಡುವ ಕೆಲಸ ನನ್ನದು.

ತುತ್ತೂರಿಗಳಿಗೆ ಒಳಗೆ ಜಾಗವೇ ಇರಲಿಲ್ಲ. ಉದ್ದನೆಯದು ಫ್ಯಾನಿಗೆ ತಾಗುತ್ತಿತ್ತು. ಕೊನೆಗೆ ಮಿಸ್ತ್ರಿ ಕಬ್ಬಿಣದ ಪಟ್ಟಿ ಬಗ್ಗಿಸಿ, ಎರಡನ್ನೂ ಮುಂದಿನ ದೀಪಗಳ ನಡುವೆ ಹೊರಗಡೆಯೇ ಬಿಗಿದರು. ನಾನು ಚಹಾ ಕೊಡುತ್ತ ಇಷ್ಟೊಂದು ತಂತಿ ಯಾಕೆ ಅಂತ ಕೇಳಿದೆ. ಕೇಳಿದ್ದಕ್ಕೆ ಉತ್ತರ ಕೊಡುವ ಗಂಡಸು ಸಿಕ್ಕಿದ್ದೇ ನನಗೆ ದೊಡ್ಡದಾಗಿತ್ತು.

"ಇವು ಕರೆಂಟು ಭಾಳ ತಿಂತಾವ್ರಿ ಅಕ್ಕಾರ. ಅಷ್ಟೂ ಕರೆಂಟು ಒತ್ತೋ ಗುಂಡಿ ಹಾಯ್ದು ಹೋದ್ರ ಗುಂಡಿ ಸುಟ್ಟು ಹೋಗತೈತಿ. ಅದಕ್ಕ ನಡುವ ಈ ಡಬ್ಬಿ. ಗುಂಡಿಯಿಂದ ಡಬ್ಬಿಗೆ ಸಣ್ಣ ತಂತಿ, ಬ್ಯಾಟರಿಯಿಂದ ತುತ್ತೂರಿಗೆ ದಪ್ಪ ತಂತಿ. ಸಣ್ಣದು ಹೇಳತೈತಿ, ದಪ್ಪಂದು ಮಾಡತೈತಿ. ದಪ್ಪ ತಂತಿಗೆ ಒಂದು ಫ್ಯೂಸು ಹಾಕೇನ್ರಿ. ಭಾಳೊತ್ತು ಒತ್ತಿ ಹಿಡದ್ರ ಅದು ಹೋಗತೈತಿ, ತುತ್ತೂರಿ ಕೂಗಂಗಿಲ್ಲ. ಸಾಹೇಬ್ರಿಗೆ ನೀವೂ ಒಂದು ಮಾತು ಹೇಳ್ರಿ."

ನಾನು ಹೇಳಿದರೆ ಕೇಳುವವರು ಯಾರು! ನಕ್ಕು ಒಳಗೆ ಹೋದೆ.

ಮೂರನೆಯ ದಿನ ಮಧ್ಯಾಹ್ನ ನಮ್ಮವರು ಒಳಗೆ ಕೂತು ಗುಂಡಿ ಒತ್ತಿದರು. ದೇವರೇ! ಗಿಡದ ಮೇಲಿನ ಕಾಗೆಗಳೆಲ್ಲ ಎದ್ದವು. ಎದುರು ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಇವರು ಮಾತ್ರ ಕಿಡಕಿಯಿಂದ ತಲೆ ಹೊರಗೆ ಹಾಕಿ, ಮಿಸ್ತ್ರಿಯನ್ನು ನೋಡಿ, "ದನಿ ಬಂತೇನು?" ಅಂತ ಕೇಳಿದರು.

ಮಿಸ್ತ್ರಿ ಅವರ ಮುಖವನ್ನು ದಿಟ್ಟಿಸಿ ನೋಡಿದರು. ಆಮೇಲೆ ತಲೆಯಾಡಿಸಿದರು. ನನಗೆ ಅದು ಶ್ರೀಮಂತಿಕೆಯ ಮಸ್ತಿ ಅನ್ನಿಸಿತು. ಊರು ನಡುಗಿಸಿ 'ಬಂತೇನು' ಅಂತ ಕೇಳುವ ಅಹಂಕಾರ ಅಂದುಕೊಂಡು ಹಲ್ಲು ಕಚ್ಚಿದೆ.

ಕೆಲಸ ಮುಗಿಯಿತು ಅಂದುಕೊಂಡರೆ ಮಿಸ್ತ್ರಿ ಮಾರನೆಯ ದಿನ ಮತ್ತೆ ಬಂದರು. ಸ್ಟಿಯರಿಂಗಿನ ಹಿಂದೆ, ನಮ್ಮವರ ಕಣ್ಣಿಗೆ ನೇರವಾಗಿ, ಕಡಲೆಕಾಳಿನಷ್ಟು ಒಂದು ಕೆಂಪು ದೀಪ ಕೂರಿಸಿದರು. ಅದರ ತಂತಿಯನ್ನು ಗುಂಡಿಯಿಂದ ತೆಗೆಯದೆ ತುತ್ತೂರಿಯ ಬುಡದಿಂದ ತಂದಿದ್ದರು. ತುತ್ತೂರಿಗೆ ಕರೆಂಟು ಹೋದರಷ್ಟೇ ದೀಪ ಹತ್ತಬೇಕು. "ಇದ್ಯಾತಕ್ಕ?" ಅಂತ ಕೇಳಿದೆ. "ಚಂದ ಕಾಣತೈತ್ರಿ ಅಕ್ಕಾರ" ಅಂದರು. ಮೂರು ದಿನ ನನಗೆ ಎಲ್ಲ ಬಿಡಿಸಿ ಹೇಳಿದ ಆ ಮನುಷ್ಯ ಆವತ್ತು ನನ್ನ ಕಣ್ಣು ತಪ್ಪಿಸಿದರು.

ಅದಾಗಿ ಹತ್ತು ದಿನಕ್ಕೆ ನಾನು ಗಂಗಾವತಿಯ ತವರುಮನೆಗೆ ಹೊರಟೆ. ಅವರಿಗೂ ಅಲ್ಲಿ ಕೆಲಸವಿತ್ತು, ಕಾರಿನಲ್ಲೇ ಹೋದೆವು. ಆವತ್ತು ಹುಣ್ಣಿಮೆ. ಹುಲಿಗಿಯ ದೇವಿಯ ದರ್ಶನಕ್ಕೆ ಹೋಗುವ ಮಂದಿ, ಬಂಡಿ, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು ರಸ್ತೆಯ ತುಂಬ. ನಮ್ಮವರು ಹಾರ್ನು ಒತ್ತಿ ಹಿಡಿದರೆ ಬಿಡಲೊಲ್ಲರು. ಮಂದಿ ಬೆದರಿ ಎರಡೂ ಕಡೆ ಸರಿಯುವುದು, ತಿರುಗಿ ಬೈಯುವುದು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದೆ.

ಒಂದು ತಿರುವಿನಲ್ಲಿ ಹಾರ್ನು ಥಟ್ಟನೆ ನಿಂತುಹೋಯಿತು. ಮುಂದೆ ರಸ್ತೆಯ ನಟ್ಟನಡುವೆ ಒಬ್ಬ ಮುದುಕಿ, ತಲೆಯ ಮೇಲೆ ಬುಟ್ಟಿ, ನಮಗೆ ಬೆನ್ನು ಮಾಡಿ ತನ್ನ ಪಾಡಿಗೆ ತಾನು ನಡೆಯುತ್ತಿದ್ದಳು. ಇವರು ಗುಂಡಿ ಒತ್ತುತ್ತಲೇ ಇದ್ದರು, ಕಾರು ಹೋಗುತ್ತಲೇ ಇತ್ತು.

"ನಿಲ್ಲಸ್ರಿ!" ಅಂತ ಚೀರಿದೆ. ನಿಲ್ಲಿಸಲಿಲ್ಲ. "ಮುದುಕಿ ಅದಾಳ್ರಿ, ನಿಲ್ಲಸ್ರಿ!" ಅಂತ ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಚೀರಿದೆ. ಅವರ ಕಣ್ಣು ಆ ಕೆಂಪು ದೀಪದ ಮೇಲೆ ಬಿತ್ತು. ದೀಪ ಹತ್ತಿರಲಿಲ್ಲ. ಕೂಡಲೇ ಬ್ರೇಕು ತುಳಿದರು. ಮುದುಕಿಯಿಂದ ಒಂದು ಮಾರು ದೂರದಲ್ಲಿ ಕಾರು ನಿಂತಿತು. ಅವಳು ತಿರುಗಿ ನೋಡಿ, ನಮ್ಮ ವಂಶವನ್ನೆಲ್ಲ ಬೈದು, ಬುಟ್ಟಿ ಸರಿಮಾಡಿಕೊಂಡು ಪಕ್ಕಕ್ಕೆ ಹೋದಳು.

ಮೊಣಕೈಗೆ ತಾಗಿ ಕೂತ ಹೆಂಡತಿ ಚೀರಿದ್ದಕ್ಕೆ ನಿಲ್ಲದ ಕಾರು, ದೀಪ ಹತ್ತಲಿಲ್ಲ ಅಂತ ನಿಂತಿತು. ಸ್ವಲ್ಪ ದೂರ ಹೋದ ಮೇಲೆ, ಅವರು ರಸ್ತೆ ನೋಡುತ್ತಿರುವಾಗ, ಮೊಣಕೈಯಿಂದ ತಿವಿದು, ಮುಖ ತಿರುಗಿಸದೆ ಗಟ್ಟಿಯಾಗಿ ಹೇಳಿದೆ: "ಮನಿಗೆ ಬೆಂಕಿ ಬಿದ್ದೈತ್ರಿ."

"ಹೂಂ" ಅಂದರು.

ಆ ಹೂಂ ಕೇಳಿ ನನಗೆ ಎಲ್ಲ ಹೊಳೆಯಿತು. ಸತ್ತದ್ದು ರಬ್ಬರ್ ಉಂಡೆಯ ದನಿಯಲ್ಲ. ವಕೀಲರ ಕಿವಿ ಹೋಗಿತ್ತು.

ಕೊಪ್ಪಳಕ್ಕೆ ಮರಳಿದ ಮೇಲೆ ಫ್ಯೂಸು ಹಾಕಲು ಮಿಸ್ತ್ರಿ ಬಂದರು. ಚಹಾದ ಬಟ್ಟಲು ಕೈಯಲ್ಲೇ ಹಿಡಿದು ಕೇಳಿದೆ, "ನಿಮಗ ಗೊತ್ತಿತ್ತು, ಹೌದಲ್ರಿ?"

ಅವರು ತಂತಿ ಕೆಳಗಿಟ್ಟರು. "ಗೊತ್ತಿತ್ರಿ ಅಕ್ಕಾರ. ಯಾರಿಗೂ ಹೇಳಬಾರದು ಅಂತ ಸಾಹೇಬ್ರು ಆಣಿ ಮಾಡಿಸ್ಯಾರ. ಕೋರ್ಟಿನ್ಯಾಗ ಗೊತ್ತಾದ್ರ ರೊಟ್ಟಿ ಹೋಗತೈತಲ್ರಿ. ಅಲ್ಲಿ ಗುಮಾಸ್ತರು ಎದುರಿಗೆ ಕುಂತು ತುಟಿ ಆಡಿಸಿ ಎಲ್ಲಾ ತಿರುಗಿ ಹೇಳ್ತಾರಂತ. ಅದಕ್ಕ ನಡದೈತಿ."

ಅಂದರೆ ಗುಮಾಸ್ತರಿಗೆ ಗೊತ್ತು. ಮಿಸ್ತ್ರಿಗೆ ಗೊತ್ತು. ಕಾರಿಗೆ ದೀಪ ಹಾಕಿಸುವಷ್ಟು ವಿಚಾರ ನಡೆದಿದೆ. ಒಂದೇ ಸೂರಿನ ಕೆಳಗೆ ಇರುವ ನನಗೆ ಗೊತ್ತಿಲ್ಲ! ಮರುಕ ಹುಟ್ಟಬೇಕಾದ ಜಾಗದಲ್ಲಿ ನನಗೆ ಹುಟ್ಟಿದ್ದು ಬೆಂಕಿ. ಅದನ್ನು ಮುಚ್ಚಿಡುವುದಿಲ್ಲ.

ನೆಟ್ಟಗೆ ಅವರ ಬರೆಯುವ ಕೋಣೆಗೆ ಹೋದೆ. ಬೆನ್ನ ಹಿಂದೆ ನಿಲ್ಲದೆ, ಮೇಜು ಸುತ್ತಿ ಹೋಗಿ, ಕಿಡಕಿಯ ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ನಿಂತು ಕೇಳಿದೆ, "ಎಂದಿನಿಂದ?"

ಮೊದಲು ವಕೀಲಿಕೆ ಮಾಡಿದರು. ಕಾರಿನ ಗದ್ದಲದಲ್ಲಿ ಯಾರಿಗೆ ತಾನೇ ಕೇಳುತ್ತದೆ ಅಂದರು. ಮನೆಗೆ ಬೆಂಕಿ ಬಿದ್ದ ಮಾತು ಹೇಳಿದೆ. ಲೇಖನಿ ಕೆಳಗಿಟ್ಟರು. ಗಂಗಾವತಿಯ ಗದ್ದೆ ಸೀಮೆಯಲ್ಲಿ ತಿರುಗಿ ಹತ್ತಿದ ಚಳಿಜ್ವರ, ಅದಕ್ಕೆ ನುಂಗಿದ ಕ್ವಿನೈನು ಗುಳಿಗೆ, ಅದರಿಂದ ಕಿವಿಯಲ್ಲಿ ಶುರುವಾದ ಗುಂಯ್ ಶಬ್ದ. ಎಲ್ಲ ಮೆಲ್ಲಗೆ ಹೊರಗೆ ಬಂತು.

"ಮಂದಿಗೆ ಗೊತ್ತಾದ್ರ ನಾಳಿಗೆ ಒಬ್ಬಾಂವನೂ ಬಾಗಲಿಗೆ ಬರಂಗಿಲ್ಲ" ಅಂದರು.

"ನಾನೇನು ಮಂದೀನ?"

ಅವರು ನನ್ನ ಬಾಯಿ ನೋಡುತ್ತಿದ್ದರು. ಈ ಮಾತು ಪೂರ್ತಿ ತಿಳಿದಿತ್ತು. ಮುಂದಿನ ಕಾಗದ ಸರಿಸಿ ಹೇಳಿದರು, "ನೀ ಒಬ್ಬಾಕಿನ ನನ್ನ ಮ್ಯಾಲೆ ಸಿಟ್ಟು ಮಾಡತಿದ್ದಿ. ಸಿಟ್ಟು ಛಲೋ ಇತ್ತು. ನೀನೂ 'ಪಾಪ' ಅನ್ನೋ ಮಾರಿ ಮಾಡಿದ್ದಿ ಅಂದ್ರ ನನಗ ತಡಕೊಳ್ಳಾಕ ಆಗತಿದ್ದಿಲ್ಲ."

ಛಲೋ ಇತ್ತಂತೆ! ನಾನು ಆರು ವರ್ಷ ಬೆಲೆಯಿಲ್ಲದವಳು ಅಂದುಕೊಂಡು ಬದುಕಿದ್ದು ಇವರಿಗೆ ಛಲೋ ಇತ್ತಂತೆ. ಹೆಂಡತಿಯಿಂದ ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟ ಗಂಡ ಅನ್ನಿಸಿಕೊಳ್ಳುವುದು ಅವರಿಗೆ ಹಗುರವಾಗಿ ಕಂಡಿತ್ತು. ಮುದುಕಿಯ ಜೀವ ಹೋಗುವುದರಲ್ಲಿತ್ತು, ಆಗಲೂ ಬಾಯಿ ಬಿಟ್ಟಿರಲಿಲ್ಲ. ಅಳು ಬಂತು. ಅವರೆದುರು ಅಳಬಾರದು ಅಂತ ಅಂಗಳಕ್ಕೆ ಬಂದುಬಿಟ್ಟೆ.

ಮಿಸ್ತ್ರಿ ಇನ್ನೂ ಬಾನೆಟ್ಟು ಮುಚ್ಚುತ್ತಿದ್ದರು. "ಕಾರಿಗೆ ದೀಪ ಹಾಕಿಕೊಟ್ರಿ. ನನಗ?" ಅಂದೆ.

ಅವರು ಏನು, ಎತ್ತ ಅಂತ ಕೇಳಲಿಲ್ಲ. ಕಾರಿಗೆ ಸಾಲದ ಒಂದು ಹಳೆಯ ಬ್ಯಾಟರಿ ಹಿತ್ತಲಲ್ಲಿ ಬಿದ್ದಿತ್ತು. ಒಂದು ದೀಪಕ್ಕೆ ಅದು ಬೇಕಾದಷ್ಟಾಯಿತು. ಮಾರನೆಯ ದಿನ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಹಾರ್ನಿನಂಥದೇ ಒಂದು ಗುಂಡಿ ಬಡಿದು, ಜಂತಿಗುಂಟ ತಂತಿ ಎಳೆದು, ನಮ್ಮವರ ಮೇಜಿನ ಮೇಲೆ ಕೆಂಪು ದೀಪ ಕೂರಿಸಿದರು.

"ಯಾರರ ಕೇಳಿದ್ರ ಏನನ್ನಲಿ?" ಅಂತ ನಮ್ಮವರಿಗೆ ಚಿಂತೆ.

"ಹೆಂಡತಿಗೆ ಸೊಕ್ಕು ಬಂದೈತಿ ಅನ್ರಿ. ಹಾರ್ನಿಗೆ ಮಂದಿ ನಿಮಗ ಅದನ್ನ ಅಂತಾರ."

ಬಾವಿಯ ಹತ್ತಿರದ ನಗು ಮುಂದೆಯೂ ನಡೆದೇ ಇತ್ತು. ಅವರ ವಕೀಲಿಕೆ ಇರುವ ತನಕ ನಾನು ಒಂದು ಮಾತು ತಿರುಗಿ ಆಡಲಾರದೆ ಅದನ್ನು ನುಂಗಿದೆ. ಆ ಹೆಂಗಸರ ಮೇಲೆ ಸಿಟ್ಟು ಉಳಿದದ್ದು ಅದಕ್ಕೇ.

ಮಿಸ್ತ್ರಿ ಹೋದ ಮೇಲೆ ಮೊದಲ ಸಲ ನಾನು ಗುಂಡಿ ಒತ್ತಿದೆ. ನನಗೆ ಬೆನ್ನು ಮಾಡಿ ಕೂತು ಬರೆಯುತ್ತಿದ್ದವರು ತಟ್ಟನೆ ತಿರುಗಿದರು.

"ಏನು?" ಅಂದರು.

ನಾನು ಬೆರಳು ತೆಗೆಯಲಿಲ್ಲ.

"ಬಿಡು, ನೋಡೇನಿ. ಬ್ಯಾಟರಿ ಮುಗೀತೈತಿ" ಅಂದರು.

"ಮುಗೀಲಿ" ಅಂದೆ. ಗುಂಡಿಯನ್ನು ಒತ್ತಿ ಹಿಡಿದುಕೊಂಡೇ, ಆರು ವರ್ಷ ಅವರ ಬೆನ್ನಿಗೆ ಹೇಳಿದ್ದನ್ನೆಲ್ಲ ಮುಖಕ್ಕೆ ಹೇಳಲು ಶುರುಮಾಡಿದೆ.