ಸೆರಗು ಕಿವಿಯ ಹಿಂದೆ

ಗಿರಣಿಯಿಂದ ಬಂದ ಡಬ್ಬಿಯ ಮುಚ್ಚಳ ತೆಗೆದರೆ ಬಿಸಿ ಜೋಳದ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಬೇಕು. ಮೊನ್ನೆ ಗೋಕಾಕದ ನಮ್ಮ ಮನೆಯಲ್ಲಿ ವಾಸನೆಯೇನೋ ಬಂತು, ಆದರೆ ಕೈ ಹಾಕಿದರೆ ಒಳಗಿದ್ದದ್ದು ನುಚ್ಚು. ಗಿರಣಿಯ ಹುಡುಗಿ ಏನೋ ಕೇಳಿದ್ದಳು. ನನಗೆ ಕೇಳಿಸಿರಲಿಲ್ಲ, ಹೂಂ ಅಂದು ಬಂದಿದ್ದೆ. ಡಾಕ್ಟರು ಕೊಡಿಸಿದ ಕಿವಿ ಮಷೀನು ತಿಂಗಳಿಂದ ಕಪಾಟಿನಲ್ಲೇ ಕೂತಿದೆ. ಹಾಕಿಕೊಂಡರೆ ಮುದುಕಿಯಾದೆ ಅಂತ ಓಣಿಗೆಲ್ಲ ಗೊತ್ತಾಗುತ್ತದಲ್ಲ... ನುಚ್ಚಿನಲ್ಲಿ ಬೆರಳಾಡಿಸುತ್ತಿದ್ದಾಗ ಹತ್ತರಗಿಯ ಗಿರಣಿ ಕಾಕು ನೆನಪಾದರು.

ನನ್ನ ತವರಿನ ಬಾಜೂ ಮನೆಯವರು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ತಾವೇ ನಡೆಸಿದ ಗಟ್ಟಿಗಿತ್ತಿ. ಕೀಲಿ ಸದಾ ಸೊಂಟದಲ್ಲಿ, ಸೆರಗು ಸದಾ ತಲೆಯ ಮೇಲೆ, ಕಿವಿ ಮುಚ್ಚುವಂತೆ. ಡಬ್ಬಿ ಪಾಳಿಗಿಟ್ಟು 'ಸಣ್ಣದು' ಇಲ್ಲವೇ 'ನುಚ್ಚು' ಅಂತ ಬಾಯಲ್ಲಿ ಹೇಳಿ ಹೋಗುವುದು ನಮ್ಮೂರ ರೂಢಿ. ಚೀಟಿ ಗೀಟಿ ಇಲ್ಲ, ಎಲ್ಲ ಕಾಕುನ ತಲೆಯಲ್ಲೇ.

ನಾನು ಮದುವೆಯಾಗಿ ಬಹಳ ವರ್ಷಗಳ ಮೇಲೆ ಎಡವಟ್ಟು ಶುರುವಾಯಿತು. ನುಚ್ಚಿನ ಜೋಳ ಹಿಟ್ಟಾಗಿ ಬಂತು, ಹೋಳಿಗೆಯ ಗೋಧಿ ತರಿತರಿಯಾಗಿ. ಏನು ಕೇಳಿದರೂ ಕಾಕು ಹೂಂ ಅನ್ನುವರು. ಮಾತು ಕಡಿಮೆಯಾಯಿತು, ಆಮೇಲೆ ಹೆಸರುಗಳೂ ಮರೆಯತೊಡಗಿದವು. "ಕಾಕೂಗ ಅರಳು ಮರಳು ಆಗೇತಿ" ಎಂದು ಊರು ತೀರ್ಪು ಕೊಟ್ಟೇಬಿಟ್ಟಿತು. ಮಗ ಕೀಲಿ ಇಸಿದುಕೊಂಡು ಹೆಂಡತಿಗೆ ಕೊಟ್ಟ. "ಅವ್ವಾ, ನೀ ಸುಮ್ನ ಕುಂದ್ರ" ಅಂದ. ಪ್ರೀತಿಯಿಂದಲೇ ಅಂದದ್ದು. ಆದರೆ ಕೀಲಿಯಿಲ್ಲದ ಕಾಕು ಕಟ್ಟೆಯ ಮೇಲೆ ಕೂತು ದಿನವಿಡೀ ಹಲ್ಲಿಗೆ ಸುಟ್ಟ ತಂಬಾಕಿನ ಪುಡಿ ತಿಕ್ಕುವುದನ್ನು ತವರಿಗೆ ಹೋದಾಗ ಕಂಡೆ, ನೋಡಲಾಗಲಿಲ್ಲ.

ನಾನೂ ನನ್ನ ಅವ್ವನೂ ಅವರನ್ನು ಹುಕ್ಕೇರಿಗೆ ಕರೆದೊಯ್ದೆವು. ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: "ಗಿರಣಿ ಸಪ್ಪಳಕ್ಕ ಕಿವಿ ಹೋಗ್ಯಾವ್ರಿ. ಮಾತ ಕೇಳಲಿಲ್ಲಂದ್ರ ತಲಿನೂ ಮಂಕ ಆಕೈತಿ. ಮ್ಯಾಲ ತಂಬಾಕ, ಕುಂತಲ್ಲೇ ಕುಂದ್ರೂದು. ಮರೆವು ಪೂರಾ ಹೋಗತೈತಿ ಅಂತ ನಾ ಹೇಳೂದಿಲ್ರಿ. ಆದ್ರ ಕಿವಿಗೆ ಮಷೀನ, ತಂಬಾಕ ಬಂದ್, ದಿನಾ ಅಡ್ಡಾಡೂದು, ಇಷ್ಟರ ಮಾಡಿ ನೋಡ್ರಿ."

ಮಷೀನು ಕಿವಿಗೇರಿತು. ಊರಿಗೆ ಬಂದು ಗಿರಣಿಯ ಬಾಗಿಲಲ್ಲಿ ನಿಂತವರೇ ಕಾಕು ಬೆಚ್ಚಿಬಿದ್ದರು. "ಅಯ್ಯ ಶಿವನ! ಇದು ಇಷ್ಟ ಒದರತೈತೇನ? ಮೊದ್ಲ ನನ್ನ ಸೊಸಿ ಕಿವಿಗೆ ಹತ್ತಿ ಇಡ್ರಿ!" ತಂಬಾಕಿನ ಡಬ್ಬಿ ಗಟಾರಕ್ಕೆ ಹೋಯಿತು. ದಿನಾ ಬೆಳಿಗ್ಗೆ ನನ್ನ ಅವ್ವನ ಜೊತೆ ಹೊಲದ ದಾರಿಯಲ್ಲಿ ನಡಿಗೆ, ದಾರಿಯುದ್ದಕ್ಕೂ ಹರಟೆ. ಹೆಸರುಗಳು ಒಂದೊಂದಾಗಿ ವಾಪಸಾದವು. ಎಲ್ಲವೂ ಅಲ್ಲ...

ಒಂದೇ ತೊಂದರೆ. ಸೆರಗು ಮುಚ್ಚಿದರೆ ಮಷೀನು ಕುಂಯ್ ಅನ್ನುತ್ತಿತ್ತು. ಕಾಕು ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡರು. ಓಣಿಯ ಹಿರಿಯರೊಬ್ಬರು ಕನ್ನಡಕ ಏರಿಸಿಕೊಳ್ಳುತ್ತ ಗೊಣಗಿದರು: "ಮಂದಿಗೆ ಕಾಣತೈತಿ, ಮುಚ್ಗೋಬಾರದೇನವಾ?"

"ಕಣ್ಣಿಗೆ ಚಾಳೀಸ ಹಾಕ್ಕೊಂಡ್ರ ನೀವು ಶ್ಯಾಣ್ಯಾ ಕಾಣ್ತೀರಿ. ನಾ ಕಿವಿಗೆ ಹಾಕ್ಕೊಂಡದ್ದನ್ನ ಯಾಕ ಮುಚ್ಕೋಬೇಕ್ರೀ?"

ಡಬ್ಬಿ ಹಿಡಿದು ನಿಂತ ಹೆಂಗಸರೆಲ್ಲ ನಕ್ಕರು. ನನಗಂತೂ ಎದೆ ಉಬ್ಬಿಬಂತು. ನಮ್ಮ ಕಾಕು! ಆ ವಾರವೇ ಮಗ ಕೀಲಿಯನ್ನು ತಾನಾಗಿ ತಂದು ಅವರ ಕೈಗಿಟ್ಟ. ಕೊನೆಯವರೆಗೂ ಅದು ಅವರ ಸೊಂಟದಲ್ಲೇ ಇತ್ತು.

ಈಗ ಕಾಕು ಇಲ್ಲ. ಅವ್ವನೂ ಇಲ್ಲ.

ನಿನ್ನೆ ಕಪಾಟು ತೆಗೆದೆ. ಮಷೀನು ಹಾಕಿಕೊಂಡು, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಡಬ್ಬಿ ಹಿಡಿದು ಗಿರಣಿಗೆ ಹೋದೆ. "ಸಣ್ಣದೋ, ನುಚ್ಚೋ, ಆಂಟಿ?" ಅಂತ ಹುಡುಗಿ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಬೆಲ್ಟಿನ ಸದ್ದು, ಪಾಳಿಯಲ್ಲಿ ನಿಂತವರ ಪಿಸುಮಾತು, ಹಿಟ್ಟು ಡಬ್ಬಿಗೆ ಸುರಿಯುವ ಸದ್ದು, ಎಲ್ಲ ಕೇಳಿಸಿತು. ಕಾಕುನ ದನಿಯೊಂದನ್ನು ಬಿಟ್ಟು.